ದಸರಾ ರಜೆ, ಮನೆ ತುಂಬ ನೆಂಟರು: ನೆಪ ಹೇಳದೆ ದಿನಕ್ಕೊಂದು ಗಂಟೆ ಸಿಗುವುದು ಹೇಗೆ?

ಅಗ್ರಹಾರದ ಟೀಚರ್

ಪ್ರಶ್ನೆ ಚಿಕ್ಕದು, ಹಿನ್ನೆಲೆ ಉದ್ದ. ಮೊದಲು ಹಿನ್ನೆಲೆ.

ನಮ್ಮ ಮನೆ ಮೈಸೂರಿನ ಅಗ್ರಹಾರದಲ್ಲಿದೆ. ಅರಮನೆಗೂ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೂ ನಡೆದೇ ಹೋಗಬಹುದು. ವರ್ಷವಿಡೀ ಇದು ಭಾಗ್ಯ. ನವರಾತ್ರಿ ಬಂತೆಂದರೆ ನಮ್ಮದು ಮನೆಯಲ್ಲ, ಛತ್ರ. ದಾವಣಗೆರೆಯಿಂದ ನಾದಿನಿಯ ಸಂಸಾರ, ಪುಣೆಯಿಂದ ಮೈದುನ ಮತ್ತು ಓರಗಿತ್ತಿ, ಹಾಸನದಿಂದ ಅತ್ತೆಯ ಅಕ್ಕ, ಅವರ ಜೊತೆಗೆ ಅವರ ಪಕ್ಕದ ಮನೆಯವರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ ಮೇಲೆ ‘ಟಿಕೆಟ್ಟಿನ ಖರ್ಚಿಲ್ಲವಲ್ಲ, ನಾನೂ ಬಂದುಬಿಡುತ್ತೇನೆ’ ಎನ್ನುವವರು ಒಂದಿಬ್ಬರು ಹೆಚ್ಚಾಗಿದ್ದಾರೆ. ಶಕ್ತಿ ಯೋಜನೆಯ ಬಗ್ಗೆ ನನ್ನ ತಕರಾರಿಲ್ಲ, ಶಾಲೆಗೆ ನಾನೂ ಅದರಲ್ಲೇ ಓಡಾಡುವವಳು. ಆದರೆ ಅದರ ಬಾಕಿ ಲೆಕ್ಕ ನಮ್ಮ ಅಡುಗೆಮನೆಯಲ್ಲಿ ಚುಕ್ತಾ ಆಗುತ್ತದೆ.

ಹಾಲ್‌ನ ಅರ್ಧ ಗೊಂಬೆಗಳದ್ದು. ಮೇಲಿನ ಮೆಟ್ಟಿಲಲ್ಲಿ ರಾಜ-ರಾಣಿಯ ಪಟ್ಟದ ಗೊಂಬೆ, ಕೆಳಗಿನದರಲ್ಲಿ ಶೆಟ್ಟಿ ಅಂಗಡಿ, ನೆಲದ ಮೇಲೆ ರಾಗಿ ಪೈರಿನ ಪಾರ್ಕು. ಉಳಿದರ್ಧದಲ್ಲಿ ರಾತ್ರಿ ಹಾಸಿಗೆಗಳು. ಮಹಡಿಯ ಕೋಣೆ ನಾದಿನಿಗೆ, ನಮ್ಮ ಕೋಣೆ ಓರಗಿತ್ತಿಗೆ, ನನಗೆ ಅತ್ತೆಯ ಮಂಚದ ಪಕ್ಕದ ನೆಲ. ಬೆಳಗಾದರೆ ಸ್ನಾನಕ್ಕೆ ಸರದಿ. ಕಾಫಿಯಲ್ಲಿ ಮೂರು ಬಗೆ: ಸಕ್ಕರೆಯದ್ದು, ಸಕ್ಕರೆ ಇಲ್ಲದ್ದು, ಬೆಲ್ಲದ್ದು. ತಿಂಡಿಯ ಪಾತ್ರೆ ತೊಳೆದು ಬೋರಲು ಹಾಕುವ ಹೊತ್ತಿಗೆ ಸಾರಿಗೆ ಬೇಳೆ ಬೇಯಬೇಕು. ಸಂಜೆ ಬೀದಿಯ ಮಕ್ಕಳು ಗೊಂಬೆ ನೋಡಲು ಬರುತ್ತಾರೆ, ಅವರಿಗೆ ದಿನಕ್ಕೊಂದು ಬಗೆಯ ಚರ್ಪು, ಅಂದರೆ ಕುರುಕಲು ತಿಂಡಿ. ಆರತಿ ಮುಗಿದು ಅರಮನೆಯ ದೀಪ ಹತ್ತುವ ಹೊತ್ತಾದರೆ ಎಲ್ಲರೂ ಚಪ್ಪಲಿ ಹುಡುಕಲು ಶುರು. ‘ನೀನೂ ಬಾರೇ’ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ನಾನು ಹೋದರೆ ರಾತ್ರಿಯ ಅಡುಗೆ ಯಾರದು ಎನ್ನುವುದನ್ನು ಮಾತ್ರ ಕರೆದವರು ಹೇಳುವುದಿಲ್ಲ.

ಇಷ್ಟರ ನಡುವೆ ನನಗೆ ಬೇಕಾದದ್ದು ಒಂದು ಗಂಟೆ. ಅದರಲ್ಲಿ ಘನಕಾರ್ಯವೇನೂ ಇಲ್ಲ. ಪತ್ರಿಕೆಯ ಪದಬಂಧ ತುಂಬುವುದು ನನ್ನ ಹಳೆಯ ಚಟ. ಪೆನ್ಸಿಲ್ಲಿನಲ್ಲಿ, ಮೇಲಿನಿಂದ ಕೆಳಕ್ಕೆ ಇರುವುದನ್ನು ಮೊದಲು. ದಸರೆಯಲ್ಲಿ ಪತ್ರಿಕೆ ನನ್ನ ಕೈಗೆ ಬರುವಾಗ ಹನ್ನೊಂದು ಗಂಟೆ. ಅಷ್ಟರಲ್ಲಿ ನಾದಿನಿಯ ಯಜಮಾನರು ಬಾಲ್‌ಪೆನ್ನಿನಲ್ಲಿ ಅದನ್ನು ತುಂಬಿಟ್ಟಿರುತ್ತಾರೆ. ತುಂಬಲಿ, ಆದರೆ ತಪ್ಪು ತುಂಬಿರುತ್ತಾರೆ. ನಾಲ್ಕು ಚೌಕದ ಜಾಗಕ್ಕೆ ಐದಕ್ಷರದ ಪದ ಹೊಳೆದರೆ ಕೊನೆಯ ಚೌಕದಲ್ಲಿ ಎರಡಕ್ಷರ ತುರುಕಿ ನೆಮ್ಮದಿಯಾಗಿ ಮುಂದಕ್ಕೆ ಹೋಗುತ್ತಾರೆ. ಸರಿ, ಕಾದಂಬರಿಯನ್ನಾದರೂ ಓದೋಣ ಎಂದರೆ ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆ. ಮಕ್ಕಳ ಪಠ್ಯಪುಸ್ತಕಗಳ ಜೊತೆ ನನ್ನ ಪುಸ್ತಕವನ್ನೂ ಎತ್ತಿಕೊಂಡು ಹೋಗಿ ಗೊಂಬೆಯ ಪಕ್ಕ ಪೇರಿಸಿ, ರೇಷ್ಮೆ ವಸ್ತ್ರ ಹೊದಿಸಿ, ಕುಂಕುಮ ಹಚ್ಚುತ್ತಾರೆ. ಶ್ರವಣ ನಕ್ಷತ್ರದಲ್ಲಿ ವಿಸರ್ಜನೆಯಾಗುವವರೆಗೆ ಮುಟ್ಟುವಂತಿಲ್ಲ. ರಜೆಯಲ್ಲಿ ಆ ಪುಸ್ತಕಕ್ಕೆ ಸಿಗುವ ವಿಶ್ರಾಂತಿ ಕಂಡು ನನಗೆ ಹೊಟ್ಟೆಕಿಚ್ಚು.

2025ರಲ್ಲಿ ನಮ್ಮ ದಸರಾ ರಜೆಯನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನುಂಗಿತು. ಸೆಪ್ಟೆಂಬರ್ 22ಕ್ಕೆ, ಅಂದರೆ ದಸರಾ ಉದ್ಘಾಟನೆಯ ದಿನವೇ, ಶುರು. ಮೊಬೈಲ್ ಹಿಡಿದು ಮನೆಮನೆಗೆ ಹೋಗಿ 60 ಪ್ರಶ್ನೆ ಕೇಳಬೇಕು. ಸಹೋದ್ಯೋಗಿಗಳೆಲ್ಲ ರಜೆ ಹೋಯಿತೆಂದು ಗೊಣಗಿದರು, ನಾನೂ ಲೋಕಾಭಿರಾಮಕ್ಕೆ ಗೊಣಗಿದೆ. ನಿಜ ಹೇಳಲೇ? ಅಷ್ಟು ಸುಖವಾದ ದಸರೆ ನನಗೆ ಇನ್ನೊಂದಿಲ್ಲ. ಒಂದು ಬೀದಿ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ ಹೊಂಗೆ ಮರದ ಕಟ್ಟೆಯ ಮೇಲೆ ಕುಳಿತು ಒಂದು ಪೊಟ್ಟಣ ಮಜ್ಜಿಗೆ ಕುಡಿಯುತ್ತಿದ್ದೆ. ಯಾರೂ ನನ್ನನ್ನು ಹೆಸರು ಹಿಡಿದು ಕೂಗಲಿಲ್ಲ. ಮನೆಯಲ್ಲಿ ‘ಪಾಪ, ಬಿಸಿಲಲ್ಲಿ ಅಲೆದು ಬಂದಿದ್ದಾಳೆ’ ಎಂದು ಓರಗಿತ್ತಿಯೇ ಚಪಾತಿ ಲಟ್ಟಿಸಿದಳು. ಸರ್ಕಾರದ ಆದೇಶವಿದ್ದರೆ ಎಲ್ಲವೂ ನಡೆಯುತ್ತದೆ.

ನನ್ನ ಸಂಕಟ ಅದೇ. ಸಿಗುವ ಬಿಡುವಿಗೆಲ್ಲ ಒಂದು ನೆಪ ಬೇಕು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ವೈದ್ಯರ ನೆಪ, ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಳ್ಳಲು ಉತ್ತರಪತ್ರಿಕೆಯ ನೆಪ, ಸುಮ್ಮನೆ ಕೂರಲು ಲಲಿತಾ ಸಹಸ್ರನಾಮದ ನೆಪ. ‘ಏನೂ ಇಲ್ಲ, ಸುಮ್ಮನೆ ಒಂದು ಗಂಟೆ ನನ್ನಷ್ಟಕ್ಕೆ ಇರುತ್ತೇನೆ’ ಎಂದರೆ ಮನೆಯಲ್ಲಿ ಎಲ್ಲರಿಗೂ ನನಗೇನೋ ಆಗಿದೆ ಎನಿಸುತ್ತದೆ. ‘ಯಾರಾದರೂ ಏನಾದರೂ ಅಂದರಾ?’ ಎಂದು ಸರದಿಯ ಮೇಲೆ ಬಂದು ವಿಚಾರಿಸುತ್ತಾರೆ, ಆ ಗಂಟೆ ಅದರಲ್ಲೇ ಮುಗಿಯುತ್ತದೆ.

ಸಲಹೆ ಕೊಡುವ ಮೊದಲು ಒಂದು ಮಾತು. ನಮ್ಮ ಯಜಮಾನರು ಒಳ್ಳೆಯವರು. ‘ಏನಾದರೂ ಮಾಡಲೇ?’ ಎಂದು ಅಡುಗೆಮನೆಯ ಬಾಗಿಲಿಗೆ ಬಂದು ಕೇಳುತ್ತಾರೆ. ಕೇಳಿ, ಬಾಗಿಲಲ್ಲೇ ನಿಂತಿರುತ್ತಾರೆ. ನೆಂಟರ ಮೇಲೂ ನನಗೆ ದ್ವೇಷವಿಲ್ಲ, ಎಲ್ಲರೂ ಹೊರಟ ಮರುದಿನ ಮನೆ ಬಿಕೋ ಎನ್ನುವುದೂ ನಿಜ. ಜಗಳವಾಡದೆ, ಸುಳ್ಳು ಹೇಳದೆ, ದಿನಕ್ಕೊಂದು ಗಂಟೆ. ಯಾರಿಗಾದರೂ ದಕ್ಕಿದೆಯೇ? ದಕ್ಕಿದ್ದರೆ ಹೇಗೆ?

---

ಬಚ್ಚಲೊಲೆ, ಸಿದ್ದಾಪುರ ಕಡೆಯವಳು

ತಂಗಿ, ನೀನು ಎಂದೇ ಬರೆಯುತ್ತೇನೆ, ನನಗೆ ಅರವತ್ತು ದಾಟಿದೆ.

ನಮ್ಮಲ್ಲಿ ದಸರೆಗಿಂತ ದೀಪಾವಳಿ ಜೋರು. ದೊಡ್ಡಹಬ್ಬ ಎಂದೇ ಕರೆಯುವುದು. ಕೂಡುಕುಟುಂಬ, ಕೊಟ್ಟಿಗೆ ತುಂಬ ದನ, ಹಬ್ಬ ಮುಗಿಯುವ ಹೊತ್ತಿಗೆ ಅಡಕೆಯ ಕೊನೆಕೊಯ್ಲಿನ ತಯಾರಿ. ಗೋಪೂಜೆಯ ದಿನ ದನಗಳ ಕೊರಳಿಗೆ ಅಡಕೆ, ಚೆಂಡುಹೂವಿನ ಮಾಲೆ ಕಟ್ಟುವುದರಿಂದ ಹಿಡಿದು ಸೌತೆಕಾಯಿ ಕಡುಬಿನವರೆಗೆ ಎಲ್ಲವೂ ಹೆಂಗಸರ ಪಾಲು. ಅಂಥ ಮನೆಗೆ ಹತ್ತೊಂಬತ್ತರ ಹುಡುಗಿಯಾಗಿ ಬಂದೆ. ಒಬ್ಬಳೇ ಇರುವ ಜಾಗ ಎಂದರೆ ಬಾವಿಕಟ್ಟೆಯೂ ಅಲ್ಲ, ಅಲ್ಲೂ ಯಾರಾದರೂ ಇದ್ದೇ ಇರುತ್ತಿದ್ದರು.

ನಾನು ಕಂಡುಕೊಂಡದ್ದು ಬಚ್ಚಲೊಲೆ. ನೀರು ತುಂಬುವ ಬೂರೆ ಹಬ್ಬದ ಸಂಜೆ ಹಂಡೆ ತಿಕ್ಕಿ, ಜೇಡಿ ಶೇಡಿ ಮಣ್ಣಿನ ಚಿತ್ತಾರ ಬರೆದು, ಹಿಂಡಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿಡುತ್ತಾರೆ. ಅದೆಲ್ಲ ಸಡಗರದ ಕೆಲಸ, ಮಾಡಲು ನಾ ಮುಂದು ತಾ ಮುಂದು. ಮರುದಿನ ಚತುರ್ದಶಿಯ ಬೆಳಗಿನ ಜಾವ ಮೂರೂವರೆಗೆ ಎದ್ದು ಆ ಹಂಡೆಗೆ ಬೆಂಕಿ ಹಾಕುವ ಕೆಲಸ ಯಾರಿಗೂ ಬೇಡ. ಚಳಿ, ಹೊಗೆ, ಹಸಿ ಕಟ್ಟಿಗೆ. ‘ನಾನು ಹಾಕುತ್ತೇನೆ’ ಎಂದೆ. ಅತ್ತೆಗೆ ಸೊಸೆಯ ಬಗ್ಗೆ ಹೆಮ್ಮೆಯಾಯಿತು, ನನಗೆ ದಾರಿಯಾಯಿತು. ಹಬ್ಬದ ದಿನ ಒಂದೇ ಏಕೆ ಎಂದು ಆಮೇಲೆ ದಿನಾ ನನ್ನದೇ ಮಾಡಿಕೊಂಡೆ.

ಮಣೆ ಹಾಕಿಕೊಂಡು ಕುಳಿತರೆ ನೀರು ಕಾಯುವವರೆಗೆ ಯಾರೂ ಕರೆಯುವಂತಿಲ್ಲ, ಎದ್ದರೆ ಉರಿ ಆರುತ್ತದೆ. ಬೆಂಕಿ ಹಿಡಿಸಲೆಂದು ಬಚ್ಚಲ ಗೂಡಿನಲ್ಲಿ ಹಳೆಯ ವಾರಪತ್ರಿಕೆಗಳನ್ನು ಒಟ್ಟಿರುತ್ತಿದ್ದರು. ಒಂದೊಂದೇ ಹಾಳೆ ಹರಿದು, ಧಾರಾವಾಹಿಯ ಕಂತನ್ನು ಉರಿಯ ಬೆಳಕಿನಲ್ಲಿ ಓದಿ, ಓದಿದ್ದನ್ನು ಒಲೆಗೆ ಹಾಕುತ್ತಿದ್ದೆ. ಕಂತುಗಳು ಹಿಂದುಮುಂದಾಗಿ ಸಿಗುತ್ತಿದ್ದವು. ಈ ವಾರ ಬಾಣಂತಿಯಾಗಿದ್ದವಳಿಗೆ ಮುಂದಿನ ವಾರ ಹೆಣ್ಣು ನೋಡಲು ಬರುತ್ತಿದ್ದರು. ಎಷ್ಟೋ ಕತೆಗಳ ಕೊನೆ ನನಗೆ ಇಂದಿಗೂ ಗೊತ್ತಿಲ್ಲ; ಆ ಹಾಳೆಯನ್ನು ನಾನು ಏಳುವ ಮೊದಲು ಯಾರೋ ಉರಿಸಿದ್ದರು.

ಆದ್ದರಿಂದ ನನ್ನ ಸಲಹೆ, ಯಾರಿಗೂ ಬೇಡದ, ಒಬ್ಬರೇ ಮಾಡಬೇಕಾದ, ನಡುವೆ ಬಿಟ್ಟು ಏಳಲಾಗದ ಒಂದು ಕೆಲಸ ಹಿಡಿ. ನೆಪ ಬೇಡ ಎನ್ನುತ್ತೀಯ. ನೆಪಕ್ಕೆ ನಾಚಿಕೆ ಏಕೆ? ಅದರ ಮೇಲೆ ನಾನು ಒಂದು ಆಯುಷ್ಯ ಓದಿದ್ದೇನೆ.

---

ಹುಬ್ಬಳ್ಳಿಯ ಚಹಾದವ

ಟೀಚರ್ ಅವರಿಗೆ ನಮಸ್ಕಾರ. ನಾನು ಗಂಡಸು, ಈ ಚರ್ಚೆಯಲ್ಲಿ ಬೈಗುಳ ತಿನ್ನಲು ಸಿದ್ಧನಾಗಿಯೇ ಬಂದಿದ್ದೇನೆ.

ನೀವು ಗಣಿತದವರೋ ಏನೋ ತಿಳಿಯದು, ನಾನು ಬ್ಯಾಂಕಿನವನು, ನನಗೆ ಅಂಕಿ ಬೇಕು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತ್ತು, 2024ರಲ್ಲಿ ಮತ್ತೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡಿದವರು ಅದಕ್ಕೆ ದಿನಕ್ಕೆ ಎಷ್ಟು ಹೊತ್ತು ಕೊಟ್ಟರು ಎಂದು ನೋಡಿದರೆ 2019ರಲ್ಲಿ ಹೆಂಗಸರು 299 ನಿಮಿಷ, ಗಂಡಸರು 97. 2024ರಲ್ಲಿ ಹೆಂಗಸರು 289, ಗಂಡಸರು 88. ಐದು ವರ್ಷದಲ್ಲಿ ಹೆಂಗಸರ ಕೆಲಸ ಹತ್ತು ನಿಮಿಷ ಇಳಿಯಿತು ಎಂದು ಸಂತೋಷಪಡುವಷ್ಟರಲ್ಲಿ ನಾವು ಒಂಬತ್ತು ನಿಮಿಷ ಇಳಿಸಿಕೊಂಡಿದ್ದೇವೆ. ಇನ್ನೊಂದು ವಿಷಯ, ಇದು ಕೆಲಸ ಮಾಡಿದ ಗಂಡಸರ ಲೆಕ್ಕ. 2019ರಲ್ಲಿ ಅಂಥವರು ನೂರಕ್ಕೆ 26 ಮಂದಿ ಮಾತ್ರ. ಉಳಿದವರು ಬಾಗಿಲಲ್ಲಿ ನಿಂತಿದ್ದರೆಂದು ಕಾಣುತ್ತದೆ.

ನಮ್ಮ ಮನೆಯಲ್ಲಿ ದಸರೆಯಲ್ಲಿ ಬನ್ನಿ ಕೊಡಲು ಬರುವವರಿಗೆ ಕೊನೆಯಿಲ್ಲ. ಬಂದವರಿಗೆಲ್ಲ ಚಹಾ. ಅಣ್ಣತಮ್ಮಂದಿರು ಮೂವರೂ ಹಾಲ್‌ನಲ್ಲಿ ಕುಳಿತು ‘ಇನ್ನೆರಡು ಕಪ್’ ಎಂದು ಕೂಗುವುದೇ ನಮ್ಮ ಕೊಡುಗೆಯಾಗಿತ್ತು. ಒಂದು ವರ್ಷ ನನ್ನ ಅತ್ತಿಗೆ ಒಳಗಿನಿಂದ ಬಂದು ಚಹಾ ಡಬ್ಬಿ, ಸಕ್ಕರೆ ಡಬ್ಬಿ, ಶುಂಠಿ ಕುಟ್ಟುವ ಕಲ್ಲು, ಸೋಸುವ ಜರಡಿ, ಗ್ಯಾಸಿನ ಸಣ್ಣ ಒಲೆ ಎಲ್ಲವನ್ನೂ ಹಿತ್ತಿಲ ಪಡಸಾಲೆಗೆ ತಂದಿಟ್ಟು ‘ಚಹಾ ಇಲ್ಲಿಂದ ನಿಮ್ಮದು’ ಎಂದರು. ಜಗಳವಿಲ್ಲ, ಭಾಷಣವಿಲ್ಲ. ಮೊದಲ ದಿನ ಹಾಲು ಉಕ್ಕಿಸಿದೆವು, ಎರಡನೆಯ ದಿನ ಹಾಲು ಸಾಲದೆ ಓಡಿದೆವು. ಮೂರನೆಯ ದಿನದಿಂದ ಸಂಜೆ ನಾಲ್ಕರಿಂದ ಏಳರವರೆಗೆ ಹೆಂಗಸರು ಆ ಕಡೆ ತಲೆ ಹಾಕಬೇಕಾಗಲಿಲ್ಲ. ಇಂದಿಗೂ ಅದೇ ಪದ್ಧತಿ.

ನಾನು ಕಲಿತದ್ದು ಇಷ್ಟು. ಸಹಾಯ ಮಾಡಲು ಬಂದವನಿಗೆ ಸಕ್ಕರೆ ಎಲ್ಲಿದೆ ಎಂದು ತೋರಿಸಲು ಒಬ್ಬರು ಬೇಕು, ಆ ಒಬ್ಬರು ನೀವೇ. ನಿಮ್ಮ ಯಜಮಾನರಿಗೆ ಸಹಾಯ ಮಾಡಲು ಹೇಳಬೇಡಿ, ಒಂದು ಹೊತ್ತನ್ನು ಪೂರ್ತಿ ಒಪ್ಪಿಸಿಬಿಡಿ. ಬೆಳಗಿನ ಕಾಫಿ ಇರಲಿ. ಹಾಲು ತರುವುದರಿಂದ ಲೋಟ ತೊಳೆಯುವವರೆಗೆ. ಉಕ್ಕಿದರೆ ಒಲೆ ಒರೆಸುವುದೂ ಅವರದ್ದೇ, ನೀವು ಓಡಿ ಹೋಗಬಾರದು. ಅದೇ ಕಷ್ಟ.

---

ಅಗ್ರಹಾರದ ಟೀಚರ್

ಸಿದ್ದಾಪುರದ ಅಕ್ಕ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಆದರೆ ನಮ್ಮ ಮನೆಯಲ್ಲಿರುವುದು ಗೀಸರ್, ಅದರ ಮುಂದೆ ಮಣೆ ಹಾಕಿ ಕುಳಿತರೆ ನಿಜವಾಗಿಯೂ ವೈದ್ಯರನ್ನು ಕರೆಸುತ್ತಾರೆ. ಇನ್ನೊಂದು ಮಾತು. ನಿಮಗೆ ಆ ಹೊತ್ತು ಸಿಕ್ಕಿದ್ದು ಮೂರೂವರೆಗೆ ಎದ್ದದ್ದರಿಂದ, ಎಲ್ಲರೂ ಮಲಗಿದ್ದಾಗ, ಹೊಗೆಯಲ್ಲಿ. ಬಿಡುವಿಗೂ ಒಂದು ಕೆಲಸದ ಬೆಲೆ ತೆತ್ತಿದ್ದೀರಿ. ನನ್ನ ತಕರಾರು ಆ ಬೆಲೆಯ ಮೇಲೆ. ನಾದಿನಿಯ ಯಜಮಾನರು ಪದಬಂಧ ತುಂಬುವಾಗ ಅವರಿಗೆ ಯಾವ ನೆಪವೂ ಬೇಕಾಗಿಲ್ಲ ನೋಡಿ, ಕುರ್ಚಿ ಇದ್ದರೆ ಸಾಕು.

ಹುಬ್ಬಳ್ಳಿಯವರೇ, ನಾನು ಗಣಿತದವಳೇ. 289ರಿಂದ 88 ಕಳೆದರೆ 201, ಮೂರು ಗಂಟೆಗಿಂತ ಹೆಚ್ಚು. ನಾನು ಕೇಳಿದ್ದು ಅದರಲ್ಲಿ ಒಂದೇ ಗಂಟೆ, ಎಷ್ಟು ಸಂಭಾವಿತಳು ನೋಡಿ. ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಅವರು ಆ ಮನೆಯ ಹಿರಿಯ ಸೊಸೆ, ಡಬ್ಬಿ ಎತ್ತಿ ಹೊರಗಿಡುವ ಅಧಿಕಾರ ಅವರಿಗಿತ್ತು. ನಮ್ಮ ಅಡುಗೆಮನೆಯ ಡಬ್ಬಿಗಳು ಇನ್ನೂ ಅತ್ತೆಯವು. ಉಪ್ಪಿನ ಜಾಡಿಯನ್ನು ಒಂದು ಗೇಣು ಸರಿಸಿದರೂ ಅವರಿಗೆ ತಿಳಿಯುತ್ತದೆ.

---

ರೈಲು ಪ್ರಯಾಣಿಕ

ಸುಲಭ ಉಪಾಯ: ಮೈಸೂರಿನಿಂದ ಚಾಮರಾಜನಗರದ ರೈಲು ಹತ್ತಿ ನಂಜನಗೂಡಿಗೆ ಹೋಗಿ ಬನ್ನಿ. ಕಿಟಕಿಯ ಪಕ್ಕ ಕುಳಿತು ಹೋಗಿ, ದೇವಸ್ಥಾನದ ಮುಂದೆ ಸ್ವಲ್ಪ ಹೊತ್ತು ಕೂತು, ವಾಪಸು. ದೇವರ ಹೆಸರಿದ್ದರೆ ಯಾರೂ ಬೇಡ ಎನ್ನುವುದಿಲ್ಲ.

ಅಗ್ರಹಾರದ ಟೀಚರ್

ಬೇಡ ಎನ್ನುವುದಿಲ್ಲ, ‘ನಾವೂ ಬರುತ್ತೇವೆ’ ಎನ್ನುತ್ತಾರೆ. ಪುಳಿಯೋಗರೆ ಕಟ್ಟಬೇಕಾದವಳು ನಾನು.

---

ನೆಂಟರ ಪಕ್ಷ, ಹೈದರಾಬಾದ್

ಇಷ್ಟು ಹೊತ್ತು ಎಲ್ಲರೂ ಮನೆಯವರ ಕಡೆಯಿಂದ ಮಾತನಾಡಿದಿರಿ. ನಾನು ಆ ನೆಂಟಳು. ಪ್ರತಿ ವರ್ಷ ಹೈದರಾಬಾದಿನಿಂದ ಗಂಡನ ಅಣ್ಣನ ಮನೆಗೆ ಹೋಗುತ್ತೇನೆ, ಊರು ಹೇಳುವುದಿಲ್ಲ. ಟೀಚರ್, ನಿಮ್ಮ ಓರಗಿತ್ತಿ ಇದನ್ನು ಓದಿದರೆ ನನ್ನ ಮಾತಿಗೆ ತಲೆಯಾಡಿಸುತ್ತಾಳೆ.

ಕಚೇರಿಯಲ್ಲಿ ಕಾಡಿ ಬೇಡಿ ನಾಲ್ಕು ದಿನದ ರಜೆ ಹಾಕಿ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ಇಳಿದರೆ, ಅಲ್ಲಿಂದ ಹೊರಡುವವರೆಗೆ ನನಗೆ ಕೂರಲು ಒಂದು ಜಾಗ ಎನ್ನುವುದಿಲ್ಲ. ಕೋಣೆ ಕೊಟ್ಟಿರುತ್ತಾರೆ, ಆದರೆ ಆ ಕೋಣೆಯ ಬೀರುವಿನಲ್ಲೇ ಮನೆಯವರ ಬಟ್ಟೆ, ಔಷಧಿ, ಚಾರ್ಜರ್. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ ‘ಮಲಗಿರು, ಮಲಗಿರು, ಒಂದು ಸೀರೆ ತೆಗೆದುಕೊಳ್ಳುತ್ತೇನೆ’ ಎನ್ನುತ್ತಾರೆ. ಅಡುಗೆಮನೆಗೆ ಹೋದರೆ ಅಕ್ಕ ‘ನೀನು ದಣಿದಿದ್ದೀಯ, ಕೂತುಕೋ’ ಎನ್ನುತ್ತಾರೆ. ಕೂತರೆ ಆಚೆ ಅತ್ತೆ ‘ಅವಳೊಬ್ಬಳೇ ಮಾಡುತ್ತಿದ್ದಾಳೆ’ ಎಂದು ಗೋಡೆಗೆ ಕೇಳುವ ಹಾಗೆ ಹೇಳುತ್ತಾರೆ. ಒಮ್ಮೆ ಸಾರಿಗೆ ಒಗ್ಗರಣೆ ನಾನು ಹಾಕುತ್ತೇನೆ ಎಂದು ನಿಂತೆ. ಎಣ್ಣೆ ಕಾಯಿತು, ಸಾಸಿವೆ ಚಟಪಟ ಎಂದಿತು, ಇಂಗಿನ ಡಬ್ಬಿ ಸಿಗಲಿಲ್ಲ. ಅದು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿತ್ತು, ಇಂಗು ಎಂದು ಬರೆದಿದ್ದ ಡಬ್ಬಿಯಲ್ಲಿ ಏಲಕ್ಕಿ ಇತ್ತು. ಅಕ್ಕ ಬರುವಷ್ಟರಲ್ಲಿ ಒಗ್ಗರಣೆ ಸೀದಿತ್ತು. ಅಂದಿನಿಂದ ನನ್ನ ಪಾಲಿಗೆ ತೆಂಗಿನಕಾಯಿ ತುರಿಯುವುದು ಮಾತ್ರ ಉಳಿದಿದೆ.

ಹುಬ್ಬಳ್ಳಿಯವರು ಹೇಳಿದ್ದನ್ನು ನೆಂಟರಿಗೂ ಅನ್ವಯಿಸಿ. ಒಂದು ಹೊತ್ತಿನ ಅಡುಗೆ ನಮಗೆ ಬಿಡಿ. ನಮ್ಮ ಕೈ ರುಚಿ ಬೇರೆ ಇರುತ್ತದೆ, ತೊವ್ವೆಗೆ ಬೆಳ್ಳುಳ್ಳಿ ಬಿದ್ದರೂ ಬೀಳಬಹುದು. ಆ ಹೊತ್ತು ನೀವು ಅಡುಗೆಮನೆಯಲ್ಲಿ ಇರಬೇಡಿ. ಮತ್ತೆ ದಯವಿಟ್ಟು ಡಬ್ಬಿಗಳ ಮೇಲೆ ಒಳಗಿರುವುದರ ಹೆಸರನ್ನೇ ಬರೆದಿಡಿ. ಬದಲಿಗೆ ನಮಗೂ ಒಂದು ಮಧ್ಯಾಹ್ನ ಯಾರೂ ಬಾಗಿಲು ತಟ್ಟದ ಕೋಣೆ ಕೊಡಿ.

---

ಅತ್ತೆಯಾದವಳು

ನೋಡಮ್ಮ ಟೀಚರ್, ನಾನು ಚಾಮರಾಜಪುರಂನವಳು, ನಿಮಗಿಂತ ದೂರದವಳೇನಲ್ಲ. ನಿಮ್ಮ ಅತ್ತೆಯ ವಯಸ್ಸೇ ಇರಬಹುದು. ಮಂಡಿ ನೋವು, ಬರೆಯುವುದು ನಿಧಾನ, ಆದರೂ ಇದಕ್ಕೆ ಬರೆಯಲೇಬೇಕು ಎನಿಸಿತು.

ನೀವು ಬರೆದದ್ದರಲ್ಲಿ ನಾದಿನಿ ಇದ್ದಾಳೆ, ಓರಗಿತ್ತಿ ಇದ್ದಾಳೆ, ನಾದಿನಿಯ ಗಂಡನ ಪೆನ್ನು ಕೂಡ ಇದೆ. ಅತ್ತೆ ಮಾತ್ರ ಮಂಚ ಮತ್ತು ಉಪ್ಪಿನ ಜಾಡಿ. ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ, ಇಷ್ಟು ಜನ ಅವರಿಗೆ ಬೇಕೇ ಎಂದು?

ನನ್ನದನ್ನು ಹೇಳುತ್ತೇನೆ. ನಾನು ಮದುವೆಯಾಗಿ ಬಂದ ವರ್ಷದಿಂದ ಗೊಂಬೆ ಕೂರಿಸುತ್ತಿದ್ದೇನೆ. ಪಟ್ಟದ ಗೊಂಬೆ ನನ್ನ ತಾಯಿ ಮದುವೆಯಲ್ಲಿ ಕೊಟ್ಟದ್ದು, ಅದಕ್ಕೆ ಪ್ರತಿ ವರ್ಷ ಹೊಸ ಸೀರೆ ಉಡಿಸಬೇಕು. ಮೊದಲೆಲ್ಲ ಹುರುಪಿತ್ತು. ಈಗ ಮೆಟ್ಟಿಲು ಜೋಡಿಸುವಾಗಲೇ ಮಂಡಿ ಹಿಡಿದುಕೊಳ್ಳುತ್ತದೆ. ಬಿಡೋಣವೆಂದರೆ, ಮನೆಗೆ ಬಂದ ಪದ್ಧತಿಯನ್ನು ಅತ್ತೆ ಬಿಟ್ಟರು ಎಂದು ಸೊಸೆಯೇ ನೊಂದುಕೊಂಡಾಳು ಎಂದು ಸುಮ್ಮನಿದ್ದೆ. ಸೊಸೆ ಅತ್ತೆ ನೊಂದುಕೊಂಡಾರು ಎಂದು ದಿನಾ ಹೊಸ ಚರ್ಪು ಮಾಡುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಬ್ಬರೂ ವರ್ಷಾನುಗಟ್ಟಲೆ ಕೋಡುಬಳೆ ಕರಿದೆವು. ಬನ್ನಿಮಂಟಪದ ಪಂಜಿನ ಕವಾಯತನ್ನು ನಾನು ನೋಡಿದ್ದು ಟಿವಿಯಲ್ಲಿ. ಮನೆಗೆ ಬಂದ ನೆಂಟರೆಲ್ಲ ಕಣ್ಣಾರೆ ನೋಡಿ ಬಂದು ನನಗೆ ವರ್ಣಿಸುತ್ತಾರೆ. ಆ ಹೊತ್ತಿಗೆ ನಾನು ಅವರ ಊಟದ ಎಲೆ ಹಾಕುತ್ತಿರುತ್ತೇನೆ.

ಒಂದು ವರ್ಷ ನನಗೆ ಜ್ವರ ಬಂತು. ಮಗ ಅಂಗಡಿಯಿಂದ ರವೆ ಉಂಡೆ, ಚಕ್ಕುಲಿ ತಂದು ಡಬ್ಬಿಗೆ ತುಂಬಿಟ್ಟ. ಒಂಬತ್ತು ದಿನವೂ ಮಕ್ಕಳಿಗೆ ಅದನ್ನೇ ಕೊಟ್ಟೆವು. ಯಾವ ಮಗುವೂ ‘ಇವತ್ತೂ ಇದೇನಾ’ ಎನ್ನಲಿಲ್ಲ. ಮಕ್ಕಳು ನಾಲ್ಕು ಮನೆ ಸುತ್ತುತ್ತವೆ, ನಿನ್ನೆ ಎಲ್ಲಿ ಏನು ತಿಂದೆವೆಂದು ಅವಕ್ಕೆ ನೆನಪೂ ಇರುವುದಿಲ್ಲ. ದೇವಿ ಕೂಡ ಏನೂ ಅನ್ನಲಿಲ್ಲ.

ಆದ್ದರಿಂದ ಗಂಟೆಯನ್ನು ಗಡಿಯಾರದಲ್ಲಿ ಹುಡುಕಬೇಡಿ, ಕೆಲಸದ ಪಟ್ಟಿಯಲ್ಲಿ ಹುಡುಕಿ. ಯಾವುದನ್ನು ಕೈಬಿಟ್ಟರೆ ಯಾರಿಗೂ ತಿಳಿಯುವುದಿಲ್ಲವೋ ಅದನ್ನು ಬಿಡಿ. ಇದನ್ನು ನೀವೊಬ್ಬರೇ ಮಾಡಿದರೆ ಸೊಸೆ ಸೋಮಾರಿ ಎನ್ನುತ್ತಾರೆ, ಅತ್ತೆ ಹೇಳಿದರೆ ಯಾರೂ ತುಟಿ ಬಿಚ್ಚುವುದಿಲ್ಲ. ಅದಕ್ಕೇ ಮೊದಲು ಅವರ ಹತ್ತಿರ ಕುಳಿತು ಮಾತನಾಡಿ. ನೆಂಟರು ಬರುವ ಮೊದಲು, ಗೊಂಬೆಗಳ ಟ್ರಂಕು ಅಟ್ಟದಿಂದ ಇಳಿಸುವ ದಿನ ಮಾತನಾಡಿ. ಆ ದಿನ ಹೇಗೂ ಇಬ್ಬರೇ ಇರುತ್ತೀರಿ, ಗೊಂಬೆಯ ದೂಳು ಒರೆಸುತ್ತ ಏನು ಬೇಕಾದರೂ ಹೇಳಬಹುದು.

ಅವರು ಒಪ್ಪದಿದ್ದರೆ? ಒಪ್ಪದಿರಲೂಬಹುದು. ನನ್ನ ಅತ್ತೆ ಒಪ್ಪುತ್ತಿರಲಿಲ್ಲ.

---

ಬಚ್ಚಲೊಲೆ, ಸಿದ್ದಾಪುರ ಕಡೆಯವಳು

ಚಾಮರಾಜಪುರಂನವರೇ, ನಿಮ್ಮ ಮಾತು ಓದಿ ಒಂದು ಕ್ಷಣ ಕೈ ನಿಂತಿತು. ನಮ್ಮ ಅತ್ತೆಯೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಅಡಕೆ ಕತ್ತರಿಸುತ್ತ ಬಹಳ ಹೊತ್ತು ಕೂರುತ್ತಿದ್ದರು. ಎಲೆಅಡಕೆಯ ಒಂದು ಕವಳಕ್ಕೆ ಅಷ್ಟು ಅಡಕೆ ಬೇಕಾಗುವುದಿಲ್ಲ.

---

ಅಗ್ರಹಾರದ ಟೀಚರ್

ಎಲ್ಲರಿಗೂ ಧನ್ಯವಾದ. ವರದಿ ಒಪ್ಪಿಸುತ್ತಿದ್ದೇನೆ.

ಮೊನ್ನೆ ಭಾನುವಾರ ಟ್ರಂಕು ಇಳಿಸಿದೆವು. ಶೆಟ್ಟಿಯ ಹೊಟ್ಟೆ ಒರೆಸುತ್ತ ವಿಷಯ ತೆಗೆದೆ. ಚರ್ಪಿನ ಮಾತಿಗೆ ಅತ್ತೆ ತಕ್ಷಣ ‘ತಂದುಬಿಡೋಣ’ ಎಂದರು. ನನಗೇ ಗಾಬರಿಯಾಯಿತು, ಅಷ್ಟು ಬೇಗ ಒಪ್ಪುತ್ತಾರೆಂದು ಗೊತ್ತಿದ್ದರೆ ಇಷ್ಟು ವರ್ಷ ಯಾರು ಕರಿಯುತ್ತಿದ್ದರು? ಒಬ್ಬಟ್ಟು ಮಾತ್ರ ಮನೆಯಲ್ಲೇ ಆಗಬೇಕಂತೆ, ಅದರಲ್ಲಿ ರಾಜಿಯಿಲ್ಲ. ಪಕ್ಕದ ಮನೆಯವರನ್ನು ಕರೆತರಬೇಡ ಎಂದು ಹಾಸನದ ಅಕ್ಕನಿಗೆ ಹೇಳಲು ಒಪ್ಪಲಿಲ್ಲ. ‘ಅದು ಹೇಳುವ ಮಾತಲ್ಲ’ ಎಂದರು. ನಾನೂ ಒತ್ತಾಯಿಸಲಿಲ್ಲ.

ಒಂದು ಗಂಟೆಯ ಮಾತು ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಏನು ಮಾಡುತ್ತೀಯ ಆ ಗಂಟೆಯಲ್ಲಿ?’ ಎಂದು ಕೇಳಿದರು. ಏನೂ ಇಲ್ಲ ಎಂದೆ. ‘ಹಾಗಾದರೆ ಮಧ್ಯಾಹ್ನ ಮೂರಕ್ಕೆ ನನ್ನ ಕೋಣೆಯ ಬಾಗಿಲು ಹಾಕಿಕೊಳ್ಳೋಣ. ನಾನೂ ಇರುತ್ತೇನೆ, ಮಾತನಾಡಿಸುವುದಿಲ್ಲ’ ಎಂದರು. ನಾನು ಕೇಳಿದ್ದು ಒಬ್ಬಳೇ ಇರುವ ಗಂಟೆ, ಸಿಕ್ಕಿದ್ದು ಇಬ್ಬರದ್ದು. ಲೆಕ್ಕದ ಪ್ರಕಾರ ಇದು ಅರ್ಧ ಅಂಕ. ಅತ್ತೆ ಮಾತನಾಡದೆ ಒಂದು ಗಂಟೆ ಇರುತ್ತಾರೆಯೇ ಎಂಬ ಅನುಮಾನವೂ ಇದೆ, ಆದರೆ ಬಾಗಿಲ ಚಿಲಕ ಹಾಕುವವರು ಅವರೇ ಆದ್ದರಿಂದ ಹೊರಗಿನಿಂದ ಯಾರೂ ತಟ್ಟುವುದಿಲ್ಲ.

ಓರಗಿತ್ತಿಗೆ ಫೋನ್ ಮಾಡಿ, ಎಲ್ಲರೂ ದೀಪಾಲಂಕಾರ ನೋಡಲು ಹೋಗುವ ದಿನಗಳಲ್ಲಿ ಎರಡು ರಾತ್ರಿಯ ಅಡುಗೆ ಅವಳದ್ದು ಎಂದೆ. ‘ಪಿಠ್ಲಾ ಭಾಕ್ರಿ ಮಾಡಿದರೆ ತಿನ್ನುತ್ತೀರಾ ಅಕ್ಕ?’ ಎಂದು ಕೇಳಿದಳು, ದನಿಯಲ್ಲಿ ಖುಷಿ ಇತ್ತು. ಹೈದರಾಬಾದಿನವರೇ, ಡಬ್ಬಿಗಳಿಗೆ ಚೀಟಿ ಅಂಟಿಸಿದ್ದೇನೆ. ನಮ್ಮ ಮನೆಯ ಮೆಂತ್ಯ ಬೋರ್ನ್‌ವಿಟಾ ಡಬ್ಬಿಯಲ್ಲಿತ್ತು.

ಯಜಮಾನರು ಬೆಳಗಿನ ಕಾಫಿಯನ್ನು ಪೂರ್ತಿಯಾಗಿ ವಹಿಸಿಕೊಂಡಿದ್ದಾರೆ, ಒಂದು ಷರತ್ತಿನ ಮೇಲೆ: ಮೂರು ಬಗೆ ಆಗುವುದಿಲ್ಲ, ಒಂದೇ ಬಗೆ, ಸಕ್ಕರೆ ಬಟ್ಟಲು ಪಕ್ಕದಲ್ಲಿರುತ್ತದೆ, ಬೇಕಾದವರು ಹಾಕಿಕೊಳ್ಳಲಿ. ಇಷ್ಟು ಸರಳವಾದದ್ದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲವೆಂದು ಸ್ವಲ್ಪ ಸಿಟ್ಟೂ ಬಂತು. ರಾತ್ರಿಯೇ ಎರಡು ಫಿಲ್ಟರ್‌ಗೆ ಡಿಕಾಕ್ಷನ್ ಹಾಕಿಡುವುದನ್ನು ಕಲಿಸಿದ್ದೇನೆ. ಪುಡಿಯನ್ನು ಒತ್ತಿ ಒತ್ತಿ ತುಂಬುತ್ತಾರೆ, ಮೊದಲ ದಿನ ಬೆಳಗಿನವರೆಗೂ ಒಂದು ಹನಿಯೂ ಇಳಿದಿರಲಿಲ್ಲ. ನಾನು ಓಡಿ ಹೋಗಲಿಲ್ಲ.

ನಾದಿನಿಗೆ ಇದ್ಯಾವುದನ್ನೂ ಇನ್ನೂ ಹೇಳಿಲ್ಲ. ಅವರ ಬಸ್ ಶನಿವಾರ ಬೆಳಿಗ್ಗೆ ಬರುತ್ತದೆ.